ಕಾಫಿ ನಾಡಿನ ಕಡತಗಳು: ಬೆರಳಚ್ಚಿನಿಂದ ಯೂನಿಕೋಡ್‌ವರೆಗೆ

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರು ಮಾರ್ಗವಾಗಿ ಶೃಂಗೇರಿಗೆ ಸಾಗುವ ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೂರದಲ್ಲಿರುವ ಆಲ್ದೂರು, ಚಿಕ್ಕಮಗಳೂರು ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲೊಂದು. ಸುತ್ತಲೂ ಕಾಫಿ ತೋಟಗಳು. ಇಂತಹ ಹೋಬಳಿ ಪೇಟೆಗಳಿಗೆ ಗಣಕಯಂತ್ರ ಕಾಲಿಟ್ಟು ಕೆಲವು ದಶಕಗಳಷ್ಟೇ ಕಳೆದಿವೆ. ಆದರೆ ಅದರ ಮೊದಲ ದಿನಗಳಲ್ಲಿ ಕನ್ನಡದಲ್ಲಿ ಸಿದ್ಧಪಡಿಸಿದ ಕಡತಗಳು ಇಂದಿನ ಯಂತ್ರಗಳಲ್ಲಿ ತೆರೆದರೆ ಓದಲು ಬಾರದ ಸ್ಥಿತಿ ತಲುಪಿವೆ. ನೂರು ವರ್ಷದ ಹಿಂದಿನ ಕೈಬರಹದ ಲೆಕ್ಕದ ಪುಸ್ತಕವನ್ನು ಇಂದೂ ಓದಬಹುದು. ಇಪ್ಪತ್ತು ವರ್ಷದ ಹಿಂದಿನ ಗಣಕ ಕಡತವನ್ನು ಓದಲಾಗದು! ಈ ವಿಪರ್ಯಾಸಕ್ಕೆ ಕಾರಣವೇನು ಎಂಬುದನ್ನು ತಿಳಿಯಲು ಕನ್ನಡ ಗಣಕೀಕರಣದ ಹಾದಿಯನ್ನು ಅವಲೋಕಿಸಬೇಕಾಗುತ್ತದೆ.

ರೈಟರ ಲೆಕ್ಕ

ಮಲೆನಾಡಿನ ತೋಟಗಳಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರನ್ನು 'ರೈಟರು' ಎಂದೇ ಕರೆಯುವುದು ರೂಢಿ. ಆಳುಗಳ ಹಾಜರಿ, ವಾರದ ಬಟವಾಡೆ, ಕೊಯ್ಲಿನ ದಿನಗಳಲ್ಲಿ ಸಂಜೆ ತೂಗುವ ಹಣ್ಣಿನ ತೂಕ, ಗೊಬ್ಬರದ ದಾಸ್ತಾನು ಇವೆಲ್ಲವೂ ರೈಟರ ಪುಸ್ತಕ ಸೇರುತ್ತವೆ. ಮಳೆಯ ಲೆಕ್ಕವೂ ಅವರದೇ. ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟ್ಸ್‌ಗಳಲ್ಲಿ ಹೇಳುವ ವಾಡಿಕೆಯಿದ್ದು, ನೂರು ಸೆಂಟ್ಸ್ ಒಂದು ಇಂಚಿಗೆ, ಅಂದರೆ 25.4 ಮಿಲಿಮೀಟರ್‌ಗೆ ಸಮ.

ಈ ಪುಸ್ತಕಗಳ ಮಹತ್ವ ಆಯಾ ವರ್ಷಕ್ಕೇ ಮುಗಿಯುವುದಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯು ವಯಸ್ಕ ಕಾರ್ಮಿಕರಿಗೆ ದುಡಿದ ಪ್ರತಿ 20 ದಿನಗಳಿಗೆ ಒಂದು ದಿನದ ವೇತನಸಹಿತ ರಜೆಯನ್ನು ವಿಧಿಸಿತು. 1972ರ ಉಪದಾನ ಪಾವತಿ ಕಾಯ್ದೆಯು ಸೇವೆಯ ವರ್ಷಗಳನ್ನು ಆಧರಿಸಿ ಗ್ರಾಚ್ಯುಟಿ ಹಣ ನೀಡುವ ನಿಯಮವನ್ನು ತಂದಿತು. ಎರಡಕ್ಕೂ ಹಾಜರಿಯೇ ಆಧಾರ. ಮೂವತ್ತು ವರ್ಷ ದುಡಿದ ಕಾರ್ಮಿಕರೊಬ್ಬರು ನಿವೃತ್ತರಾಗುವಾಗ, ಅವರು ಸೇರಿದ ವರ್ಷ ಯಾವುದೆಂದು ಹೇಳಬೇಕಾದದ್ದು ಹಳೆಯ ಕಡತವೇ. ಅದು ಓದಲು ಬಾರದಿದ್ದರೆ ನಷ್ಟ ಯಾರಿಗೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಬೆರಳಚ್ಚಿನಿಂದ ಗಣಕಕ್ಕೆ

ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿದವರಲ್ಲಿ ಕೆ. ಅನಂತಸುಬ್ಬರಾಯರ ಹೆಸರು ಪ್ರಮುಖವಾದುದು. ಸರ್ಕಾರಿ ಕಚೇರಿಗಳ ಕನ್ನಡ ಪತ್ರವ್ಯವಹಾರ ದಶಕಗಳ ಕಾಲ ಈ ಯಂತ್ರಗಳನ್ನೇ ಅವಲಂಬಿಸಿತ್ತು. ಒತ್ತು, ಗುಣಿತಗಳನ್ನು ತುಂಡು ತುಂಡಾಗಿ ಜೋಡಿಸಬೇಕಾಗಿದ್ದ ಕಾರಣ ಇದನ್ನು ಕಲಿಯಲು ತಿಂಗಳುಗಳ ಅಭ್ಯಾಸ ಬೇಕಾಗುತ್ತಿತ್ತು.

ಗಣಕದಲ್ಲಿ ಈ ತೊಡಕನ್ನು ನಿವಾರಿಸಿದ ಶ್ರೇಯಸ್ಸು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರಿಗೆ ಸಲ್ಲುತ್ತದೆ. ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆಯಲ್ಲಿ ಉಚ್ಚಾರಣೆಯ ಕ್ರಮದಲ್ಲೇ ಕೀಲಿ ಒತ್ತಿದರೆ ಸಾಕು, ಅಕ್ಷರ ತಾನಾಗಿ ರೂಪುಗೊಳ್ಳುತ್ತದೆ. ಹಿರಿಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ತಂತ್ರಾಂಶವನ್ನು ಅವರು ಉಚಿತವಾಗಿ ನೀಡಿದರು. ಮುಂದೆ ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ಸಿದ್ಧಪಡಿಸಿದ 'ನುಡಿ' ತಂತ್ರಾಂಶವೂ ಇದೇ ವಿನ್ಯಾಸವನ್ನು ಅಳವಡಿಸಿಕೊಂಡಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಬಳಕೆಗೆ ಬಂದಿತು. ಮುದ್ರಣಾಲಯಗಳಲ್ಲಿ ಪುಣೆಯ ಸಂಸ್ಥೆಯೊಂದರ 'ಶ್ರೀಲಿಪಿ' ಜನಪ್ರಿಯವಾಗಿತ್ತು.

ಆಲ್ದೂರಿನ ನೆರೆಯ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ನೆಲೆಸಿದ್ದ ಸಾಹಿತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರು ಈ ವಿಷಯದಲ್ಲಿ ವಿಶೇಷ ಆಸಕ್ತಿ ತಳೆದಿದ್ದರು ಎಂಬುದು ಗಮನಾರ್ಹ. ಗಣಕದಲ್ಲಿ ಬಳಕೆಯಾಗದ ಭಾಷೆ ಹಿಂದುಳಿಯುತ್ತದೆ ಎಂಬ ಕಾಳಜಿಯಿಂದ ಸಮರ್ಪಕ ಕನ್ನಡ ತಂತ್ರಾಂಶಕ್ಕಾಗಿ ಅವರು ಸತತವಾಗಿ ಒತ್ತಾಯಿಸಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು' ತಂತ್ರಾಂಶದ ಹಿಂದೆಯೂ ಅವರ ಪ್ರೇರಣೆಯಿತ್ತು.

ಏಳು ಕೀಲಿಗಳ ಆಲ್ದೂರು

ಕೆ.ಪಿ. ರಾವ್ ವಿನ್ಯಾಸದಲ್ಲಿ 'ಆಲ್ದೂರು' ಎಂದು ಬರೆಯಲು ಏಳು ಕೀಲಿಗಳು ಬೇಕು: ಶಿಫ್ಟ್ ಸಹಿತ ಎ, ಬಳಿಕ ಎಲ್, ಎಫ್, ಡಿ, ಶಿಫ್ಟ್ ಸಹಿತ ಯು, ಆರ್ ಮತ್ತು ಯು. ಇಲ್ಲಿ ಎಫ್ ಕೀಲಿಯು ಹಿಂದಿನ ವ್ಯಂಜನವನ್ನು ಅರ್ಧಾಕ್ಷರವಾಗಿಸಿ ಮುಂದಿನದನ್ನು ಅದಕ್ಕೆ ಒತ್ತಾಗಿ ಜೋಡಿಸುತ್ತದೆ. ಮಹಾಪ್ರಾಣ ಬೇಕಾದರೆ ಶಿಫ್ಟ್ ಒತ್ತಬೇಕು. ಈ ಎರಡು ಸೂತ್ರ ತಿಳಿದವರು ಕೆಲವೇ ದಿನಗಳಲ್ಲಿ ಕನ್ನಡ ಬೆರಳಚ್ಚು ಕಲಿಯಬಲ್ಲರು. ಹೋಬಳಿ ಪೇಟೆಗಳ ಡಿಟಿಪಿ ಅಂಗಡಿಗಳಲ್ಲಿ ಯುವಕ ಯುವತಿಯರಿಗೆ ಉದ್ಯೋಗ ದೊರೆತದ್ದು ಈ ಸರಳತೆಯಿಂದಲೇ ಎಂದರೆ ತಪ್ಪಾಗಲಾರದು.

ಲಗ್ನಪತ್ರಿಕೆ, ಸಹಕಾರ ಸಂಘದ ವರದಿ, ಅರ್ಜಿ, ಕರಾರುಪತ್ರ, ತೋಟದ ಹಾಜರಿ ಪಟ್ಟಿ ಹೀಗೆ ಎಲ್ಲವೂ ಈ ಅಂಗಡಿಗಳ ಗಣಕದಲ್ಲಿ ಸಿದ್ಧವಾಗುತ್ತಿದ್ದವು. 1.44 ಮೆಗಾಬೈಟ್ ಸಾಮರ್ಥ್ಯದ ಫ್ಲಾಪಿಯಲ್ಲಿ ಉಳಿಸಿ, ಕಾರ್ಬನ್ ಹಾಕಿ ಡಾಟ್ ಮ್ಯಾಟ್ರಿಕ್ಸ್ ಮುದ್ರಕದಲ್ಲಿ ಪ್ರತಿ ತೆಗೆಯುವುದು ವಾಡಿಕೆಯಾಗಿತ್ತು. ಮಳೆಗಾಲದಲ್ಲಿ ಪದೇ ಪದೇ ಕರೆಂಟು ಹೋಗುವುದರಿಂದ ಯುಪಿಎಸ್ ಇಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಮಲೆನಾಡಿನ ತೇವಕ್ಕೆ ಫ್ಲಾಪಿ, ಸಿ.ಡಿ.ಗಳಿಗೆ ಬೂಷ್ಟು ಹಿಡಿಯುವ ಕಾಟ ಬೇರೆ.

ವೇಷ ತೊಟ್ಟ ಅಕ್ಷರಗಳು

ಆಗಿನ ಬಹುತೇಕ ಕನ್ನಡ ತಂತ್ರಾಂಶಗಳು ಒಂದು ಉಪಾಯವನ್ನು ಅನುಸರಿಸಿದ್ದವು. ಗಣಕವು ಇಂಗ್ಲಿಷ್ ಹಾಗೂ ಯುರೋಪಿನ ಅಕ್ಷರಗಳಿಗೆ ಮೀಸಲಿಟ್ಟ ಸ್ಥಾನಗಳಲ್ಲಿ ಕನ್ನಡ ಅಕ್ಷರದ ತುಂಡುಗಳ ಚಿತ್ರಗಳನ್ನು ಕೂರಿಸಲಾಗಿತ್ತು. ಕಡತದೊಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಸಂಕೇತ. ತೆರೆಯ ಮೇಲೆ ಕಾಣುತ್ತಿದ್ದುದು ಕನ್ನಡ ಚಿತ್ರ. ಹೀಗಾಗಿ ನುಡಿಯ ಫಾಂಟ್‌ನಲ್ಲಿ 'ಕನ್ನಡ' ಎಂಬ ಪದವು ಏಳು ಸಂಕೇತಗಳಾಗಿ ಉಳಿಯುತ್ತದೆ. ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅಲ್ಲಿ 'ನ' ಇರಬೇಕಾದ ಕಡೆ ಬ್ರಿಟನ್ನಿನ ಪೌಂಡ್ ಚಿಹ್ನೆ ಕಾಣಿಸುತ್ತದೆ!

ಒಂದು ಸಂಸ್ಥೆಯ ಫಾಂಟ್ ಮತ್ತೊಂದಕ್ಕೆ ಹೊಂದುತ್ತಿರಲಿಲ್ಲ. 2000ದ ದಶಕದಲ್ಲಿ ಅಂತರಜಾಲದಲ್ಲಿ ಕನ್ನಡ ಪತ್ರಿಕೆ ಓದಿದವರಿಗೆ, ಒಂದೊಂದು ತಾಣಕ್ಕೂ ಒಂದೊಂದು ಫಾಂಟ್ ಇಳಿಸಿಕೊಳ್ಳಬೇಕಾಗಿದ್ದ ಅನುಭವ ನೆನಪಿರಬಹುದು. ಪದ ಹುಡುಕುವುದು, ಅಕಾರಾದಿಯಾಗಿ ಹೆಸರು ಜೋಡಿಸುವುದು ಸಹ ಸಾಮಾನ್ಯ ತಂತ್ರಾಂಶಗಳಿಗೆ ಅಸಾಧ್ಯವಾಗಿತ್ತು.

ಹೋಬಳಿಗೆ ಬಂದ ಪಹಣಿ

ಗ್ರಾಮೀಣ ಜನರಿಗೆ ಗಣಕದ ನೇರ ಪರಿಚಯವಾದದ್ದು 'ಭೂಮಿ' ಯೋಜನೆಯಿಂದ. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. 2001ರ ಸುಮಾರಿಗೆ ತಾಲ್ಲೂಕು ಕಚೇರಿಗಳ ಕೇಂದ್ರಗಳಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ದೊರೆಯುವಂತಾಯಿತು. 2006ರಿಂದ ಹೋಬಳಿ ಮಟ್ಟದಲ್ಲಿ 'ನೆಮ್ಮದಿ' ಕೇಂದ್ರಗಳು ಆರಂಭವಾದವು. 2012ರ ಕೊನೆಯಲ್ಲಿ ನಾಡಕಚೇರಿಗಳಲ್ಲಿ 'ಅಟಲ್‌ಜೀ ಜನಸ್ನೇಹಿ ಕೇಂದ್ರ' ಯೋಜನೆ ಜಾರಿಗೆ ಬಂದಿತು. ಸರ್ಕಾರಿ ದಾಖಲೆಗಳನ್ನು ಕಾಪಾಡಲು ಹೀಗೊಂದು ವ್ಯವಸ್ಥೆಯಾದರೂ ಇದೆ. ಡಿಟಿಪಿ ಅಂಗಡಿ, ತೋಟದ ಕಚೇರಿ, ಸಣ್ಣ ಸಂಘಗಳ ಕಡತಗಳಿಗೆ ಅಂತಹ ದಿಕ್ಕಿಲ್ಲ.

ಯೂನಿಕೋಡ್ ತಂದ ಬದಲಾವಣೆ

ಜಗತ್ತಿನ ಪ್ರತಿ ಲಿಪಿಯ ಅಕ್ಷರಕ್ಕೂ ಪ್ರತ್ಯೇಕ ಸಂಕೇತ ನೀಡುವ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೆ ಸಾಮಾನ್ಯರ ಗಣಕಕ್ಕೆ ಅದು ತಲುಪಿದ್ದು 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ. ಅದರೊಡನೆ ಬಂದ ಕನ್ನಡ ಅಕ್ಷರಶೈಲಿಯ ಹೆಸರು 'ತುಂಗಾ'. ಅದೇ ಹೆಸರಿನ ನದಿ ಹುಟ್ಟುವ ಗಂಗಾಮೂಲ ಇರುವುದು ಚಿಕ್ಕಮಗಳೂರು ಜಿಲ್ಲೆಯಲ್ಲೇ. 2010ರ ದಶಕದಲ್ಲಿ ರಾಜ್ಯ ಸರ್ಕಾರವೂ ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿತು. ಮೊಬೈಲ್‌ಗಳು ಬಂದ ಮೇಲಂತೂ ಯೂನಿಕೋಡ್ ಅನಿವಾರ್ಯವಾಯಿತು.

ಯೂನಿಕೋಡ್‌ನಲ್ಲಿ 'ಆಲ್ದೂರು' ಪದಕ್ಕೆ ತಗಲುವುದೂ ಏಳೇ ಸಂಕೇತ, ಅದೂ ಕೀಲಿ ಒತ್ತಿದ ಕ್ರಮದಲ್ಲೇ. ಕೆ.ಪಿ. ರಾವ್ ವಿನ್ಯಾಸವು ಅಕ್ಷರದ ಆಕಾರವನ್ನಲ್ಲದೆ ಉಚ್ಚಾರಣೆಯನ್ನು ಆಧರಿಸಿದ್ದೇ ಇದಕ್ಕೆ ಕಾರಣ. ಆದ್ದರಿಂದಲೇ ಸಂಕೇತ ವ್ಯವಸ್ಥೆ ಬದಲಾದರೂ ಬೆರಳಚ್ಚುಗಾರರ ಕೌಶಲ ವ್ಯರ್ಥವಾಗಲಿಲ್ಲ. ಅವರು ಅದೇ ಕೀಲಿಗಳಲ್ಲಿ ಕೆಲಸ ಮುಂದುವರಿಸಿದರು. ಕೈಬಿಟ್ಟದ್ದು ಕಡತಗಳು ಮಾತ್ರ.

ಹಳೆಯ ಕಡತ ಉಳಿಸುವ ಬಗೆ

ಹಳೆಯ ನುಡಿ, ಬರಹ ಅಥವಾ ಶ್ರೀಲಿಪಿ ಕಡತ ಉಳ್ಳವರು ಈ ಕ್ರಮಗಳನ್ನು ಅನುಸರಿಸುವುದು ಒಳಿತು.

1. ಫ್ಲಾಪಿ, ಸಿ.ಡಿ.ಗಳಲ್ಲಿರುವುದನ್ನು ಮೊದಲು ಹಾರ್ಡ್‌ಡಿಸ್ಕ್‌ಗೆ ನಕಲಿಸಬೇಕು. ಫ್ಲಾಪಿ ಓದುವ ಸಾಧನಗಳು ಈಗ ವಿರಳ.

2. ಮೂಲ ಕಡತವನ್ನು ಅಳಿಸದೆ, ಅದರೊಂದಿಗೆ ಆಯಾ ಫಾಂಟನ್ನೂ ಉಳಿಸಿಕೊಳ್ಳಬೇಕು. ಫಾಂಟ್ ಇದ್ದರೆ ಕಡತ ಮತ್ತೆ ಓದಲು ಬರುತ್ತದೆ.

3. ಫಾಂಟ್ ಸಹಿತ ತೆರೆದು ಪಿಡಿಎಫ್ ಮಾಡಿಕೊಂಡರೆ ಪುಟದ ರೂಪ ಯಾವ ಯಂತ್ರದಲ್ಲೂ ಹಾಗೆಯೇ ಕಾಣುತ್ತದೆ. ಮುಖ್ಯ ದಾಖಲೆಗಳ ಮುದ್ರಿತ ಪ್ರತಿಯೂ ಇರಲಿ.

4. ಬಳಿಕ ಉಚಿತವಾಗಿ ಸಿಗುವ ಪರಿವರ್ತಕಗಳಿಂದ ಯೂನಿಕೋಡ್‌ಗೆ ಬದಲಿಸಬಹುದು. ಶ್ರೀಲಿಪಿಯ ಸಂಕೇತಗಳು ಬೇರೆಯಾದ ಕಾರಣ ಅದಕ್ಕೆ ಬೇರೆ ಪರಿವರ್ತಕ ಬೇಕು.

5. ಪರಿವರ್ತಿತ ಪಠ್ಯವನ್ನು ಮೂಲದೊಂದಿಗೆ ಹೋಲಿಸಿ ತಿದ್ದಬೇಕು. 'ಅರ್ಜಿ'ಯಂತಹ ಪದದಲ್ಲಿ ಹಳೆಯ ಫಾಂಟ್ ಅರ್ಕಾವತ್ತನ್ನು ಕೊನೆಗೆ ಇಡುತ್ತದೆ, ಯೂನಿಕೋಡ್ 'ರ್' ಅನ್ನು ಜಕಾರಕ್ಕೆ ಮೊದಲೇ ಇಡುತ್ತದೆ. ತಪ್ಪು ನುಸುಳುವುದು ಇಂತಹ ಕಡೆಗಳಲ್ಲಿ. ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ಭಾವಿಸಿ ಕೆಡಿಸಬಹುದು.

ಹಾಜರಿ ಪಟ್ಟಿ, ವೇತನ ಪಟ್ಟಿಗಳಿಗೆ ಮೊದಲ ಆದ್ಯತೆ ಸಲ್ಲಬೇಕು. ಲಗ್ನಪತ್ರಿಕೆಯೊಂದು ಕಳೆದುಹೋದರೆ ಉಳಿಯುವುದು ಬೇಸರ ಮಾತ್ರ. ಹಾಜರಿ ಪಟ್ಟಿ ಕಳೆದುಹೋದರೆ ಒಬ್ಬರ ದುಡಿಮೆಯ ವರ್ಷಗಳಿಗೆ ಪುರಾವೆಯೇ ಇಲ್ಲವಾಗುತ್ತದೆ. ಅವುಗಳನ್ನು ಸಿದ್ಧಪಡಿಸಿದ ರೈಟರು, ಬೆರಳಚ್ಚುಗಾರರು ಇನ್ನೂ ಸಿಗುವ ಈ ಹೊತ್ತಿನಲ್ಲೇ ಅವರ ನೆರವು ಪಡೆದು ಕೆಲಸ ಮುಗಿಸಿಕೊಳ್ಳುವುದು ಸೂಕ್ತ.