ಪ್ರಕಾಶಂ, ಟಂಗುಟೂರಿ

(1872-1957) ನ್ಯಾಯವಾದಿ, ಪತ್ರಿಕೋದ್ಯಮಿ; ಮದರಾಸು ಪ್ರಾಂತದ ಪ್ರಧಾನಿ, ಆಂಧ್ರ ರಾಜ್ಯದ ಪ್ರಥಮ ಮುಖ್ಯಮಂತ್ರಿ. ಒಂಗೋಲಿನ ಸಮೀಪದ ವಿನೋದರಾಯುನಿಪಾಲೆಂ ಗ್ರಾಮದಲ್ಲಿ ಆಗಸ್ಟ್ 23ರಂದು ಜನಿಸಿದ ಇವರು ಬಾಲ್ಯದಲ್ಲಿಯೇ ಪಿತೃವಿಯೋಗಕ್ಕೆ ಗುರಿಯಾಗಲು, ತಾಯಿ ಸುಬ್ಬಮ್ಮನವರು ಒಂಗೋಲಿನಲ್ಲಿ ಊಟದ ಮನೆಯನ್ನು ನಡೆಸಿ ಮಕ್ಕಳನ್ನು ಸಲಹಿದರು.

ರಾಜಮಹೇಂದ್ರಿಯಲ್ಲಿ ವಕೀಲಿ ಆರಂಭಿಸಿದ ಪ್ರಕಾಶಂ ಅಲ್ಲಿನ ಪುರಸಭೆಯನ್ನು ಪ್ರವೇಶಿಸಿ ಅದರ ಅಧ್ಯಕ್ಷಪದವಿಗೇರಿದರು; ಎರಡನೆಯ ದರ್ಜೆಯ ವಕೀಲರಿಗೆ ಉಚ್ಚ ನ್ಯಾಯಾಲಯದಲ್ಲಿ ವಾದಿಸುವ ಅಧಿಕಾರವಿರಲಿಲ್ಲವಾದುದರಿಂದ ಇಂಗ್ಲೆಂಡಿಗೆ ತೆರಳಿ, ಬ್ಯಾರಿಸ್ಟರರಾಗಿ ಹಿಂದಿರುಗಿ, ಮದರಾಸಿನಲ್ಲಿ ವಿಪುಲವಾಗಿ ಧನಾರ್ಜನೆ ಮಾಡಿದರು. ಅಸಹಕಾರ ಚಳವಳಿಯ ಕಾಲದಲ್ಲಿ ಆ ವೃತ್ತಿಯನ್ನು ತ್ಯಜಿಸಿ, 1921ರಲ್ಲಿ 'ಸ್ವರಾಜ್ಯ' ಪತ್ರಿಕೆಯನ್ನು ಸ್ಥಾಪಿಸಿ, ಗಳಿಸಿದುದನ್ನು ಅದಕ್ಕೇ ವ್ಯಯಿಸಿದರು. 1928ರ ಫೆಬ್ರವರಿಯಲ್ಲಿ ಸೈಮನ್ ಆಯೋಗದ ವಿರುದ್ಧ ಮದರಾಸಿನಲ್ಲಿ ನಡೆದ ಪ್ರತಿಭಟನೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದವನ ಶವವನ್ನು ನೋಡಲು ಮುಂದಾದಾಗ, ಬಂದೂಕು ಹಿಡಿದು ಅಡ್ಡಗಟ್ಟಿದ ಪೊಲೀಸರೆದುರು ಅಂಗಿಯನ್ನು ಸರಿಸಿ ಎದೆಯೊಡ್ಡಿ ನಿಂತ ಇವರನ್ನು ಜನ 'ಆಂಧ್ರಕೇಸರಿ' ಎಂದು ಕೊಂಡಾಡಿದರು.

1937ರಲ್ಲಿ ರಾಜಾಜಿಯವರ ಮಂತ್ರಿಮಂಡಲದಲ್ಲಿ ಕಂದಾಯ ಸಚಿವರಾಗಿ ಇವರು ಜಮೀನ್ದಾರಿ ವಿಚಾರಣಾ ಸಮಿತಿಯ ಅಧ್ಯಕ್ಷತೆಯನ್ನು ವಹಿಸಿದರು. ಭೂಮಿಯ ಒಡೆತನ ರೈತನದು, ಜಮೀನ್ದಾರನು ಕೇವಲ ಕಂದಾಯ ವಸೂಲು ಮಾಡತಕ್ಕವನು ಎಂಬ ಆ ಸಮಿತಿಯ ಸಿದ್ಧಾಂತವು ಮುಂದೆ 1948ರ ಜಮೀನ್ದಾರಿ ರದ್ದತಿ ಕಾಯಿದೆಗೆ ಹಾದಿಮಾಡಿಕೊಟ್ಟಿತು. 1946ರ ಏಪ್ರಿಲಿನಲ್ಲಿ, ರಾಜಾಜಿಯವರೇ ನಾಯಕರಾಗಬೇಕೆಂಬ ಕಾಂಗ್ರೆಸ್ ವರಿಷ್ಠರ ಇಚ್ಛೆಯನ್ನು ಮೀರಿ ಶಾಸಕರು ಇವರನ್ನು ಪ್ರಾಂತದ ಪ್ರಧಾನಿಯನ್ನಾಗಿ ಆರಿಸಿದರಾದರೂ, ಖಾದಿಯ ರಕ್ಷಣೆಗಾಗಿ ಹೊಸ ಬಟ್ಟೆ ಗಿರಣಿಗಳಿಗೆ ಅವಕಾಶ ನಿರಾಕರಿಸಿದುದು ತೀವ್ರ ವಿರೋಧಕ್ಕೆಡೆಯಾಯಿತು. ಸ್ವಪಕ್ಷೀಯರ ವಿಶ್ವಾಸವನ್ನೇ ಕಳೆದುಕೊಂಡು ಹನ್ನೊಂದು ತಿಂಗಳೊಳಗೆ ಅಧಿಕಾರವನ್ನು ತ್ಯಜಿಸಬೇಕಾಯಿತು. ಅನಂತರ ಕಾಂಗ್ರೆಸನ್ನು ತೊರೆದು ಪ್ರಜಾಪಕ್ಷವನ್ನು ಕಟ್ಟಿದ ಇವರು 1952ರ ಚುನಾವಣೆಯಲ್ಲಿ ಸ್ವತಃ ಪರಾಜಿತರಾದರು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಎಂಬತ್ತೊಂದರ ವಯಸ್ಸಿನ ಪ್ರಕಾಶಂ ಅದರ ಮುಖ್ಯಮಂತ್ರಿಯಾದರು. ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ, ಉಳಿದವು ಮೈಸೂರು ರಾಜ್ಯಕ್ಕೂ ಸೇರಿದುದು ಅಂದೇ. ನೂತನ ರಾಜಧಾನಿಯಾದ ಕರ್ನೂಲಿನಲ್ಲಿ ಕಟ್ಟಡಗಳ ಅಭಾವದಿಂದ ಕಛೇರಿಗಳು ಡೇರೆಗಳಲ್ಲಿ ಕೆಲಸಮಾಡುತ್ತಿದ್ದಂತೆಯೇ ಗುಂಟೂರಿನಲ್ಲಿ ಉಚ್ಚ ನ್ಯಾಯಾಲಯವೂ ತಿರುಪತಿಯಲ್ಲಿ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ಪಾನನಿರೋಧವನ್ನು ರದ್ದುಗೊಳಿಸಬೇಕೆಂದು ರಾಮಮೂರ್ತಿ ಸಮಿತಿ ಮಾಡಿದ ಶಿಫಾರಸನ್ನು ಒಪ್ಪದ ಕಾರಣ 1954ರ ನವೆಂಬರಿನಲ್ಲಿ ಇವರ ಸರಕಾರವು ಒಂದೇ ಮತದಿಂದ ಪತನಗೊಂಡಿತು.

ಪಕ್ಷದ ಲೆಕ್ಕಾಚಾರಕ್ಕೆ ಮಣಿಯದ ಹಟವೇ ಇವರನ್ನು ಜನಪ್ರಿಯರನ್ನಾಗಿಸಿದುದೂ ಹೌದು, ಎರಡು ಬಾರಿ ಅಧಿಕಾರದಿಂದ ಇಳಿಸಿದುದೂ ಹೌದು. 1957ರ ಮೇ 20ರಂದು ಹೈದರಾಬಾದಿನಲ್ಲಿ ನಿಧನರಾದರು. ಇವರ ಆತ್ಮಕಥೆ 'ನಾ ಜೀವಿತ ಯಾತ್ರ' ತೆಲುಗಿನಲ್ಲಿದೆ. ವಿಜಯವಾಡದಲ್ಲಿ ಕೃಷ್ಣಾನದಿಗೆ ಕಟ್ಟಿರುವ ಬ್ಯಾರೇಜಿಗೂ, 1972ರಿಂದ ಒಂಗೋಲು ಜಿಲ್ಲೆಗೂ ಇವರ ಹೆಸರನ್ನಿಡಲಾಗಿದೆ.