ಗಣನಾತ್ಮಕ ರಸಾಯನಶಾಸ್ತ್ರ

ಗಣನಾತ್ಮಕ ರಸಾಯನಶಾಸ್ತ್ರವು ಅಣುಗಳ ರಚನೆ, ಶಕ್ತಿ ಹಾಗೂ ಗುಣಗಳನ್ನು ಗಣಕಯಂತ್ರದ ನೆರವಿನಿಂದ ಲೆಕ್ಕಹಾಕಿ ತಿಳಿಯುವ ರಸಾಯನಶಾಸ್ತ್ರದ ಒಂದು ಶಾಖೆ. ಪ್ರಯೋಗಾಲಯದಲ್ಲಿ ಹಿಡಿದಿಡಲಾಗದ ಅಲ್ಪಾಯುಷಿ ಅಣುಗಳನ್ನೂ ರಾಸಾಯನಿಕ ಕ್ರಿಯೆ ಸಾಗುವ ಹಾದಿಯನ್ನೂ ಇದರಿಂದ ಪರಿಶೀಲಿಸಬಹುದು. ಕರ್ನಾಟಕದಲ್ಲಿ ಇದರ ಪ್ರಮುಖ ಸಂಶೋಧನಾ ನೆಲೆ ಬೆಂಗಳೂರು.

ಹಿನ್ನೆಲೆ

1926ರಲ್ಲಿ ಎರ್ವಿನ್ ಶ್ರೋಡಿಂಗರ್ ಮಂಡಿಸಿದ ಸಮೀಕರಣವು ಈ ಶಾಖೆಯ ತಳಹದಿ. ಒಂದೇ ಎಲೆಕ್ಟ್ರಾನ್ ಉಳ್ಳ ಹೈಡ್ರೋಜನ್ ಪರಮಾಣುವಿಗೆ ಅದನ್ನು ನಿಖರವಾಗಿ ಬಿಡಿಸಬಹುದು. ಎಲೆಕ್ಟ್ರಾನುಗಳು ಹೆಚ್ಚಿದಾಗ ಅವುಗಳ ಪರಸ್ಪರ ವಿಕರ್ಷಣೆಯಿಂದಾಗಿ ಅಂದಾಜು ವಿಧಾನಗಳು ಅನಿವಾರ್ಯವಾಗುತ್ತವೆ. ಇಂಥ ವಿಧಾನಗಳನ್ನು ರೂಪಿಸಿದ್ದಕ್ಕಾಗಿ ವಾಲ್ಟರ್ ಕೋನ್ ಮತ್ತು ಜಾನ್ ಪೋಪಲ್ ಅವರಿಗೆ 1998ರ ನೊಬೆಲ್ ಪ್ರಶಸ್ತಿ ದೊರೆಯಿತು. 2013ರಲ್ಲಿ ಮಾರ್ಟಿನ್ ಕಾರ್‌ಪ್ಲಸ್, ಮೈಕೆಲ್ ಲೆವಿಟ್ ಮತ್ತು ಆರಿಯೆ ವಾರ್ಷೆಲ್ ಅವರು ಸಂಕೀರ್ಣ ರಾಸಾಯನಿಕ ವ್ಯವಸ್ಥೆಗಳ ಮಾದರಿಗಳಿಗಾಗಿ ಈ ಪ್ರಶಸ್ತಿಯನ್ನು ಪಡೆದರು.

ಮುಖ್ಯ ವಿಧಾನಗಳು

ಹಾರ್ಟ್ರಿ–ಫಾಕ್ ವಿಧಾನ: ಪ್ರತಿ ಎಲೆಕ್ಟ್ರಾನು ಉಳಿದವುಗಳ ಸರಾಸರಿ ಪ್ರಭಾವದಲ್ಲಿ ಚಲಿಸುತ್ತದೆ ಎಂದು ಭಾವಿಸಲಾಗುತ್ತದೆ.

ಕಪಲ್ಡ್ ಕ್ಲಸ್ಟರ್ ವಿಧಾನ: ಎಲೆಕ್ಟ್ರಾನುಗಳ ಪರಸ್ಪರ ಸಂಬಂಧವನ್ನು ಸೂಕ್ಷ್ಮವಾಗಿ ಪರಿಗಣಿಸುತ್ತದೆ. ಇದರ ಪ್ರಸಿದ್ಧ ರೂಪವಾದ ಸಿಸಿಎಸ್‌ಡಿ(ಟಿ)ಯಲ್ಲಿ ಅಣುವಿನ ಗಾತ್ರ ಇಮ್ಮಡಿಯಾದರೆ ಲೆಕ್ಕದ ಹೊರೆ ಸುಮಾರು 128 ಪಟ್ಟಾಗುತ್ತದೆ.

ಸಾಂದ್ರತಾ ಫಂಕ್ಷನಲ್ ಸಿದ್ಧಾಂತ: ಎಲೆಕ್ಟ್ರಾನುಗಳ ಸಾಂದ್ರತೆಯಿಂದಲೇ ಶಕ್ತಿಯನ್ನು ಕಂಡುಹಿಡಿಯುತ್ತದೆ (1964–65). ಕಡಿಮೆ ವೆಚ್ಚದ ಕಾರಣ ಹೆಚ್ಚು ಬಳಕೆಯಲ್ಲಿದೆ.

ಅಣುಚಲನ ಅನುಕರಣೆ: ನ್ಯೂಟನ್ನನ ಚಲನ ನಿಯಮಗಳನ್ನು ಅನುಸರಿಸಿ ಪ್ರೋಟೀನ್, ದ್ರಾವಣ ಮುಂತಾದ ದೊಡ್ಡ ವ್ಯವಸ್ಥೆಗಳ ಚಲನೆಯನ್ನು ಗುರುತಿಸುತ್ತದೆ.

ಸಂಶೋಧನಾರ್ಥಿಗಳ ಕಲಿಕೆ

ಪಿಎಚ್.ಡಿ. ವಿದ್ಯಾರ್ಥಿಗಳು ಕ್ವಾಂಟಮ್ ಯಂತ್ರಶಾಸ್ತ್ರ, ರೇಖೀಯ ಬೀಜಗಣಿತ, ಲಿನಕ್ಸ್ ಹಾಗೂ ಪೈಥಾನ್ ಭಾಷೆಯ ಪರಿಚಯ ಪಡೆಯಬೇಕಾಗುತ್ತದೆ. ಆರಂಭಿಕ ಅಭ್ಯಾಸಕ್ಕೆ ಸೂಪರ್ ಕಂಪ್ಯೂಟರ್ ಬೇಕಿಲ್ಲ. ಸೈ4, ಎನ್‌ಡಬ್ಲ್ಯೂಕೆಮ್‌ನಂಥ ಮುಕ್ತ ತಂತ್ರಾಂಶಗಳು ಸಾಮಾನ್ಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತವೆ. ಆದುದರಿಂದ ದೊಡ್ಡ ಪ್ರಯೋಗಾಲಯಗಳಿಲ್ಲದ ಊರುಗಳ ವಿದ್ಯಾರ್ಥಿಗಳಿಗೂ ಈ ವಿಷಯ ಎಟುಕುವಂತಿದೆ.

ನೀರಿನ ಅಣು ಒಳ್ಳೆಯ ಮೊದಲ ಪಾಠ. ಅದರ ಬಂಧಕೋನ ಪ್ರಯೋಗದ ಪ್ರಕಾರ ಸುಮಾರು 104.5 ಡಿಗ್ರಿ. ಹಾರ್ಟ್ರಿ–ಫಾಕ್ ವಿಧಾನವು 6-31ಜಿ(ಡಿ) ಆಧಾರಗಣದೊಡನೆ ಸುಮಾರು 105.5 ಡಿಗ್ರಿ ಎನ್ನುತ್ತದೆ. ಈ ಅಂತರ ಯಂತ್ರದ ತಪ್ಪಲ್ಲ, ಆರಿಸಿಕೊಂಡ ಅಂದಾಜಿನ ಫಲ. ರಚನೆಯನ್ನು ಲೆಕ್ಕಹಾಕಿದ ಬಳಿಕ ಕಂಪನ ಆವೃತ್ತಿಗಳನ್ನೂ ನೋಡಬೇಕು: ಸ್ಥಿರ ಅಣುವಿಗೆ ಕಾಲ್ಪನಿಕ ಆವೃತ್ತಿ ಇರದು, ಕ್ರಿಯೆಯ ಸಂಕ್ರಮಣ ಸ್ಥಿತಿಗೆ ಒಂದೇ ಒಂದು ಇರುತ್ತದೆ.

ಮಿತಿಗಳು

ತಂತ್ರಾಂಶವು ಅನುಚಿತ ವಿಧಾನಕ್ಕೂ ಅಚ್ಚುಕಟ್ಟಾದ ಸಂಖ್ಯೆಯನ್ನೇ ಕೊಡುತ್ತದೆ. ಸಕ್ರಿಯಕರಣ ಶಕ್ತಿಯಲ್ಲಿ ಪ್ರತಿ ಮೋಲ್‌ಗೆ ಸುಮಾರು 1.4 ಕಿಲೋಕ್ಯಾಲೊರಿಯಷ್ಟು ತಪ್ಪಾದರೂ ಕೋಣೆಯ ಉಷ್ಣತೆಯಲ್ಲಿ ಕ್ರಿಯೆಯ ವೇಗದ ಅಂದಾಜು ಹತ್ತು ಪಟ್ಟು ತಪ್ಪುತ್ತದೆ. ಆದುದರಿಂದ ತಿಳಿದಿರುವ ಪ್ರಯೋಗಫಲದೊಡನೆ ಹೋಲಿಸಿ ವಿಧಾನವನ್ನು ಪರೀಕ್ಷಿಸುವುದು ಈ ಕಲಿಕೆಯ ಅತಿಮುಖ್ಯ ಅಂಗವಾಗಿದೆ.

ಕರ್ನಾಟಕದಲ್ಲಿ

1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕ್ಷೇತ್ರದ ಸಂಶೋಧನೆ ನಡೆಯುತ್ತಿದೆ. ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಅಭಿಯಾನದಡಿ 2022ರಲ್ಲಿ ಅಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ ಸ್ಥಾಪಿತವಾಯಿತು. ಸಿ. ಎನ್. ಆರ್. ರಾವ್ ಅವರು ಸ್ಥಾಪಕ ಅಧ್ಯಕ್ಷರಾಗಿದ್ದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು (1989) ಜಕ್ಕೂರಿನಲ್ಲಿದ್ದು, ಅಲ್ಲಿಯೂ ಈ ವಿಷಯದಲ್ಲಿ ಪಿಎಚ್.ಡಿ. ಸಂಶೋಧನೆಗೆ ಅವಕಾಶವಿದೆ.