ಮೆಂತೆಕಾಳು, ಕುಸುರೆಳ್ಳು ಮತ್ತು ಕಸೂತಿ

ಸಂಕ್ರಾಂತಿ ಸಮೀಪಿಸಿತೆಂದರೆ ಧಾರವಾಡ, ಬೆಳಗಾವಿ ಸೀಮೆಯ ಹಳೆಯ ಮನೆಗಳಲ್ಲಿ ಕುಸುರೆಳ್ಳು ಮಾಡುವ ಸಡಗರ ಆರಂಭವಾಗುತ್ತಿತ್ತು. ಹಿತ್ತಾಳೆಯ ಪರಾತಿನಲ್ಲಿ ಎಳ್ಳು ಹರಡಿ, ಅದನ್ನು ಮಂದ ಕೆಂಡದ ಮೇಲಿಟ್ಟು, ಸಕ್ಕರೆ ಪಾಕವನ್ನು ಚಮಚದಿಂದ ಸ್ವಲ್ಪ ಸ್ವಲ್ಪವೇ ಹಾಕುತ್ತ, ಕೈಯಿಂದ ಆಡಿಸುತ್ತ ಕೂರಬೇಕು. ಅವಸರಪಟ್ಟು ಪಾಕ ಹೆಚ್ಚು ಸುರಿದರೆ ಎಳ್ಳೆಲ್ಲ ಮುದ್ದೆಯಾಗುತ್ತದೆ. ಬೆಂಕಿ ಜೋರಾದರೆ ಬಣ್ಣ ಕೆಡುತ್ತದೆ. ತಾಳ್ಮೆಯಿಂದ ಕೂತವರಿಗೆ ಮಾತ್ರ ಒಂದೊಂದು ಕಾಳಿನ ಮೇಲೂ ಮುಳ್ಳು ಮುಳ್ಳಾದ ಬಿಳಿ ಸಕ್ಕರೆ ಅರಳುತ್ತದೆ. ಹೀಗೆ ತಯಾರಾದ ಕಾಳುಗಳನ್ನು ದಾರದಿಂದ ಕಟ್ಟಿ ಮಕ್ಕಳಿಗೆ, ಹೊಸ ಮದುವಣಗಿತ್ತಿಗೆ ಸರ, ಬಳೆಗಳನ್ನು ಮಾಡಿ ತೊಡಿಸುವುದೂ ಉಂಟು.

ಬೆಳಿಗ್ಗೆ ಒಲೆಯ ಮುಂದೆ ಕೂತ ಇದೇ ಕೈಗಳು ಮಧ್ಯಾಹ್ನ ಪಡಸಾಲೆಯಲ್ಲಿ ಸೂಜಿ ಹಿಡಿಯುತ್ತಿದ್ದವು. ಉತ್ತರ ಕರ್ನಾಟಕದ ಹೆಸರಾಂತ ಕಸೂತಿ ಕಲೆ ಬೆಳೆದದ್ದು ಈ ಒಲೆ ಮತ್ತು ಪಡಸಾಲೆಗಳ ನಡುವೆ.

ಕಸೂತಿಗೆ ಚಾಲುಕ್ಯರ ಕಾಲದ ನಂಟನ್ನು ಹೇಳುವವರಿದ್ದಾರೆ. ಆದರೆ ಬಟ್ಟೆ ಕಲ್ಲಿನಂತೆ ಶತಮಾನಗಳ ಕಾಲ ಉಳಿಯುವ ವಸ್ತುವಲ್ಲ. ಉಟ್ಟ ಸೀರೆ ಹರಿಯುತ್ತದೆ, ಹರಿದ ಸೀರೆ ಕೌದಿಯಾಗುತ್ತದೆ, ಕೌದಿ ಚಿಂದಿಯಾಗುತ್ತದೆ. ಹೀಗಾಗಿ ಈ ಕಲೆಯ ಹಳಮೆಯನ್ನು ಶಾಸನಗಳಿಗಿಂತ ಹೆಚ್ಚಾಗಿ ಅದರ ಶಬ್ದಗಳಲ್ಲಿ, ಚಿತ್ತಾರಗಳಲ್ಲಿ ಹುಡುಕಬೇಕಾಗುತ್ತದೆ. ‘ಕಸೂತಿ’ ಎಂಬ ಹೆಸರಿಗೇ ಎರಡು ವಿವರಣೆಗಳಿವೆ. ಕೈ ಮತ್ತು ನೂಲು ಎಂಬರ್ಥದ ಪದಗಳು ಸೇರಿ ಕಸೂತಿ ಆಯಿತೆಂಬುದು ಒಂದು. ಸೂಜಿಯ ಅಲಂಕಾರಕ್ಕೆ ಬಳಕೆಯಲ್ಲಿರುವ ಪಾರಸಿ ಮೂಲದ ‘ಕಶೀದಾ’ ಎಂಬ ಪದದ ನೆರಳು ಇದರಲ್ಲಿದೆ ಎಂಬುದು ಇನ್ನೊಂದು.

ನಾಲ್ಕು ಹೊಲಿಗೆ

ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಯ್ಗಿ ಮತ್ತು ಮೆಂತಿ. ಗವಂತಿ ನೇರ ಗೆರೆಗಳ ಹೊಲಿಗೆ. ಸೂಜಿ ಮೊದಲು ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತ ಸಾಗುತ್ತದೆ. ಬಂದ ದಾರಿಯಲ್ಲೇ ಹಿಂದಿರುಗುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಮುರ್ಗಿ ಇದೇ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಸಾಗುತ್ತದೆ. ನೇಯ್ಗಿ ಹೆಸರೇ ಹೇಳುವಂತೆ, ಮಗ್ಗದಲ್ಲೇ ನೇಯ್ದಿದ್ದಾರೇನೋ ಎನ್ನಿಸುವ ಉದ್ದ ಗಿಡ್ಡ ಎಳೆಗಳ ಹೊಲಿಗೆ. ನಾಲ್ಕನೆಯದು ಅಡ್ಡಡ್ಡ ದಾಟುವ ಎಳೆಗಳ ಮೆಂತಿ.

ಈ ಕೊನೆಯ ಹೆಸರು ಬಂದಿರುವುದು ನೇರವಾಗಿ ಅಡುಗೆಮನೆಯ ಡಬ್ಬಿಯಿಂದ. ಒತ್ತೊತ್ತಾಗಿ ಹಾಕಿದ ಈ ಹೊಲಿಗೆ ಮೆಂತೆಕಾಳು ಹರಡಿದಂತೆ ಕಾಣುತ್ತದೆ. ಬೇಳೆಕಾಳುಗಳೊಂದಿಗೆ ಮೆಂತೆ ಹುರಿದು ಪುಡಿಮಾಡಿದ ಮೆಂತೆಹಿಟ್ಟು, ರೊಟ್ಟಿಯ ಜೊತೆಗೆ ಮೆಂತೆಸೊಪ್ಪಿನ ಪಲ್ಯ, ಇವು ಆ ಭಾಗದ ದಿನನಿತ್ಯದ ಆಹಾರ. ದಿನವೂ ಕೈಯಲ್ಲಿ ಹಿಡಿದ ಕಾಳಿನ ಹೆಸರನ್ನೇ ಹೆಂಗಸರು ಹೊಲಿಗೆಗೂ ಇಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಚಿತ್ತಾರಗಳ ಮಾತೂ ಅಷ್ಟೆ. ಗೋಪುರ, ತೇರು, ಅಂಬಾರಿ ಹೊತ್ತ ಆನೆ, ನಂದಿ ಇವೆಲ್ಲ ಗುಡಿ ಮತ್ತು ಜಾತ್ರೆಯಿಂದ ಬಂದರೆ, ತುಳಸಿಕಟ್ಟೆ, ತೊಟ್ಟಿಲು, ದೀಪ ಇವು ಮನೆಯೊಳಗಿನವು. ನವಿಲು, ಗಿಳಿ, ಅಳಿಲು ಹಿತ್ತಲಿನವು. ಸೆರಗಿನ ಬಳಿ ದೊಡ್ಡದಾಗಿ, ಒತ್ತಾಗಿ ಇರುವ ಚಿತ್ತಾರಗಳು ಒಡಲಿನತ್ತ ಹೋದಂತೆ ಚಿಕ್ಕವಾಗುತ್ತ, ವಿರಳವಾಗುತ್ತ ಹೋಗುತ್ತವೆ.

ಗೆರೆ ಎಳೆಯದ ಚಿತ್ರ

ಕಸೂತಿಯ ವಿಶೇಷವಿರುವುದು ಅದರ ಕಟ್ಟುನಿಟ್ಟಿನಲ್ಲಿ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಒಂದು ಎಳೆ ತಪ್ಪಿದರೆ ಮುಂದೆ ಆನೆಯ ಕಾಲು ಕೂಡುವುದಿಲ್ಲ, ಗೋಪುರದ ತುದಿ ವಾಲುತ್ತದೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿಗಳಲ್ಲಿ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು. ಸೂಜಿ ಹೊರಟ ಜಾಗಕ್ಕೇ ಮರಳಬೇಕಾದ್ದರಿಂದ ಯಾವ ಕವಲಿಗೆ ಯಾವಾಗ ತಿರುಗಬೇಕು, ಯಾವಾಗ ಹಿಂದಿರುಗಬೇಕು ಎಂಬ ಲೆಕ್ಕ ಮೊದಲೇ ತಲೆಯಲ್ಲಿರಬೇಕು. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಹೆಂಗಸರು ಈ ಲೆಕ್ಕವನ್ನು ಬಾಯಿಪಾಠದಂತೆ ಬಲ್ಲವರಾಗಿದ್ದರು.

ಯುರೋಪಿನಲ್ಲಿಯೂ ಗವಂತಿಯಂಥದೇ ಹೊಲಿಗೆಯೊಂದಿದೆ. ಅದಕ್ಕೆ ಹೋಲ್ಬೈನ್ ಹೊಲಿಗೆ ಎಂದು ಹೆಸರು. 1543ರಲ್ಲಿ ತೀರಿಕೊಂಡ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಉಡುಪಿನ ಮೇಲೆ ಈ ಕೆಲಸ ಕಾಣುವುದರಿಂದ ಆ ಹೆಸರು ಬಂತು. ಅಲ್ಲಿ ಹೊಲಿಗೆಗೆ ಚಿತ್ರಕಾರನ ಹೆಸರು ಸಿಕ್ಕಿತು. ಇಲ್ಲಿ ಹೊಲಿದವಳ ಹೆಸರು ಎಲ್ಲೂ ಉಳಿಯಲಿಲ್ಲ.

ಕಸೂತಿಗೆ ಹೇಳಿಮಾಡಿಸಿದ ಬಟ್ಟೆ ಎಂದರೆ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆ. ಕೈಮಗ್ಗದ ಎಳೆಗಳು ಕಣ್ಣಿಗೆ ಎಣಿಕೆಗೆ ಸಿಗುತ್ತವೆ. ಮದುಮಗಳಿಗೆ ಕೊಡುವ ಚಂದ್ರಕಾಳಿ ಎಂಬ ಕರಿ ಸೀರೆಯ ಮೇಲೆ ಕೆಂಪು, ಕಿತ್ತಳೆ, ಹಸಿರು ಎಳೆಗಳ ಕಸೂತಿ ಎದ್ದು ಕಾಣುತ್ತಿತ್ತು. ಕರಿ ಬಣ್ಣ ಶುಭಕ್ಕೆ ಸಲ್ಲದೆಂಬ ನಂಬಿಕೆ ಇರುವ ನಾಡಿನಲ್ಲಿಯೇ ಸಂಕ್ರಾಂತಿಗೆ ಕರಿ ಸೀರೆ ಉಡುವ ರೂಢಿಯೂ ಇದೆ. ಅಂಗಡಿಯ ನೂಲು ಸುಲಭವಾಗಿ ಸಿಗದಿದ್ದ ದಿನಗಳಲ್ಲಿ ಹಳೆಯ ರೇಷ್ಮೆ ಬಟ್ಟೆಯ ಅಂಚಿನಿಂದ ಎಳೆ ಬಿಡಿಸಿಕೊಂಡು ಹೊಲಿಯುತ್ತಿದ್ದರು. ಅಜ್ಜಿಯ ಹರಿದ ಸೀರೆಯ ಎಳೆ ಮೊಮ್ಮಗಳ ಹೊಸ ಸೀರೆಯಲ್ಲಿ ನವಿಲಾಗುತ್ತಿತ್ತು.

ಹುಡುಗಿಯ ದಿನಚರಿ

ಹತ್ತು ಹನ್ನೆರಡು ವರ್ಷದ ಹುಡುಗಿ ತಾಯಿಯ ಪಕ್ಕದಲ್ಲಿ ಕೂತು ಮೊದಲು ಚಿಕ್ಕ ಬಟ್ಟೆಯ ತುಂಡಿನ ಮೇಲೆ ಕೈ ಪಳಗಿಸಿಕೊಳ್ಳುತ್ತಿದ್ದಳು. ರೊಟ್ಟಿ ತಟ್ಟುವುದು, ಶೇಂಗಾ ಹುರಿದು ಚಟ್ನಿಪುಡಿ ಕುಟ್ಟುವುದು, ಮುಸುರೆ ತಿಕ್ಕುವುದು ಮುಗಿದ ಮೇಲೆ ಉಳಿಯುವ ಮಧ್ಯಾಹ್ನದ ಎರಡು ಮೂರು ತಾಸು ಕಸೂತಿಯ ಪಾಲಿಗೆ. ಕರಿ ಬಟ್ಟೆಯ ಎಳೆ ಎಣಿಸಲು ಬಿಸಿಲಿನ ಬೆಳಕು ಬೇಕು. ದೀಪದ ಬೆಳಕಿನಲ್ಲಿ ಅದು ಕಣ್ಣಿಗೆ ಶಿಕ್ಷೆ. ಹೀಗಾಗಿ ಒಂದು ಸೀರೆಯ ಕೆಲಸ ತಿಂಗಳುಗಟ್ಟಲೆ ಎಳೆಯುತ್ತಿತ್ತು. ಅದಕ್ಕೆ ಯಾರೂ ಕೂಲಿ ಕೇಳಲಿಲ್ಲ, ಯಾರೂ ಕೊಡಲೂ ಇಲ್ಲ. ಕುಸುರೆಳ್ಳಿನಂತೆ ಅದೂ ಮನೆಗೆಲಸದಲ್ಲೇ ಸೇರಿಹೋಗಿತ್ತು.

ಸ್ವಾತಂತ್ರ್ಯದ ನಂತರ ಈ ನೋಟ ಬದಲಾಯಿತು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ನೇತೃತ್ವ ವಹಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಮನೆಯ ಹೆಂಗಸರ ಕೈಗೆಲಸವೂ ದೇಶದ ಸಂಪತ್ತು, ಅದಕ್ಕೆ ಮಾರುಕಟ್ಟೆ ಬೇಕು ಎಂಬ ವಿಚಾರಕ್ಕೆ ಆಗ ಬಲ ಬಂತು. ಕಸೂತಿ ಸೀರೆಯಿಂದ ಇಳಿದು ಕುಪ್ಪಸ, ಕುರ್ತಾ, ಕೈಚೀಲ, ದಿಂಬಿನ ಹೊದಿಕೆಗಳಿಗೆ ಬಂತು. 2005-06ರ ಸಾಲಿನಲ್ಲಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು.

ಹೆಸರಿಗೆ ರಕ್ಷಣೆ ಸಿಕ್ಕಿದೆ ನಿಜ. ಆದರೆ ತಾಸಿಗೆ ಬೆಲೆ ಸಿಕ್ಕಿದೆಯೇ? ಕಸೂತಿಯ ಕೂಲಿಯನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಉಡುಪಿಗೆ ಅಥವಾ ಚಿತ್ತಾರಕ್ಕೆ ಇಷ್ಟು ಎಂದು. ಎಳೆ ಎಣಿಸಿದ ಸಮಯ, ತಪ್ಪಿದಾಗ ಬಿಚ್ಚಿ ಮತ್ತೆ ಹೊಲಿದ ಸಮಯ, ದಣಿದ ಕಣ್ಣು ಆ ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನೊಂದು ಕಷ್ಟವೂ ಸೇರಿದೆ. ಗಿರಣಿಯ ನಯವಾದ ಬಟ್ಟೆಯಲ್ಲಿ ಎಳೆ ಎಣಿಸಲು ಬರುವುದಿಲ್ಲ. ಅಂಥ ಬಟ್ಟೆಯ ಮೇಲೆ ಜಾಳಾದ ಇನ್ನೊಂದು ಬಟ್ಟೆ ಕೂಡಿಸಿ, ಎರಡನ್ನೂ ಸೇರಿಸಿ ಹೊಲಿದು, ಕೊನೆಗೆ ಮೇಲಿನ ಬಟ್ಟೆಯನ್ನು ಒಂದೊಂದೇ ಎಳೆಯಾಗಿ ಎಳೆದು ತೆಗೆಯಬೇಕು. ಕೊಳ್ಳುವವರ ಕಣ್ಣಿಗೆ ಬೀಳದ ದುಡಿಮೆ ಇದು.

ಇಂದು ಯಂತ್ರಗಳೂ ಕಸೂತಿಯ ಚಿತ್ತಾರ ಹೊಲಿಯುತ್ತವೆ. ಅಂಗಡಿಯಲ್ಲಿ ಅಗ್ಗದ ದರಕ್ಕೆ ಸಿಗುವ ಆನೆ ಅಂಬಾರಿಯನ್ನು ಮೇಲ್ನೋಟಕ್ಕೆ ಗುರುತಿಸುವುದು ಕಷ್ಟ. ಆದರೆ ಬಟ್ಟೆಯನ್ನು ಮಗುಚಿ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಯಂತ್ರದ ಹೊಲಿಗೆಯ ಹಿಂಬದಿಯಲ್ಲಿ ಅಡಿನೂಲಿನ ಗೋಜಲು. ಕೈ ಕಸೂತಿಯ ಗವಂತಿಯಾದರೆ ಹಿಂದೆಯೂ ಅದೇ ಆನೆ, ಅದೇ ಅಂಬಾರಿ.

ಕುಸುರೆಳ್ಳೂ ಈಗ ಪೊಟ್ಟಣಗಳಲ್ಲಿ ಸಿಗುತ್ತದೆ. ಹೆಣ್ಣುಮಕ್ಕಳು ಶಾಲೆ ಕಾಲೇಜಿಗೆ, ಕೆಲಸಕ್ಕೆ ಹೋಗುತ್ತಿರುವುದರಿಂದ ಆ ಮಧ್ಯಾಹ್ನದ ತಾಸುಗಳು ಮನೆಯಲ್ಲಿ ಉಳಿದಿಲ್ಲ. ಅದಕ್ಕಾಗಿ ಮರುಗಬೇಕಾದ ಕಾರಣವೂ ಇಲ್ಲ. ಪುಕ್ಕಟೆ ದುಡಿಮೆಯ ಮೇಲೆ ನಿಂತಿದ್ದ ಕಲೆ ಇನ್ನು ಮುಂದೆ ನ್ಯಾಯವಾದ ಕೂಲಿಯ ಮೇಲೆ ನಿಲ್ಲಬೇಕು, ಅಷ್ಟೆ. ಆ ಕೂಲಿ ಎಷ್ಟೆಂಬುದನ್ನು ನಿರ್ಧರಿಸುವಲ್ಲಿ ಕೊಳ್ಳುವವರ ಪಾತ್ರವೂ ಇದೆ. ಸೀರೆಯ ದರ ಕೇಳುವ ಮೊದಲು ಸೆರಗನ್ನೊಮ್ಮೆ ಮಗುಚಿ ನೋಡಿದರೆ, ಹೊಲಿದವಳ ದುಡಿಮೆ ಅಲ್ಲಿ ಎಳೆ ಎಳೆಯಾಗಿ ಕಾಣುತ್ತದೆ.